ಗಂಟೆಗೊಮ್ಮೆ ಆರುವ ಸರ್ವರ್

ಸದ್ದು ಇಳಿಯುವುದು ಮೊದಲು ನಿಮ್ಮ ಬೆನ್ನಿಗೆ ತಿಳಿಯುತ್ತದೆ. ರ‍್ಯಾಕ್‌ಗೆ ಒರಗಿ ನಿಂತಿದ್ದೀರಿ. ಇಷ್ಟು ಹೊತ್ತು ಭುಜದ ಮೂಳೆಗೆ ತಾಗುತ್ತಿದ್ದ ಸಣ್ಣ ನಡುಕ ನಿಂತುಹೋಗಿದೆ. ಆಮೇಲೆ ಕಿವಿಗೆ ಗೊತ್ತಾಗುತ್ತದೆ: ಫ್ಯಾನ್‌ಗಳು ಒಂದರ ಹಿಂದೆ ಒಂದು ಉಸಿರು ಬಿಟ್ಟು ಸುಮ್ಮನಾಗುತ್ತಿವೆ. ಹಸಿರು ದೀಪ ಆರುತ್ತದೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ದಾಟಿ ಏಳು ನಿಮಿಷ. ಹಿಂದಿನ ಸಲ ಆರಿದ್ದು ಎಂಟರ ಸುಮಾರಿಗೆ. ಅದಕ್ಕೂ ಹಿಂದೆ ಏಳಕ್ಕೆ.

ಕರೆಂಟು ಹೋಗಿಲ್ಲ. ಯುಪಿಎಸ್ ತಣ್ಣಗೆ ಕೂತಿದೆ. ಯಂತ್ರ ಕೆಟ್ಟಿಲ್ಲ. ಅದು ತನಗೆ ಹೇಳಿಕೊಟ್ಟದ್ದನ್ನು ತಪ್ಪದೆ ಮಾಡುತ್ತಿದೆ, ಅಷ್ಟೆ.

ಬಾಗಿಲು ತೆರೆದುಕೊಳ್ಳುತ್ತದೆ. ಮಷೀನ್ ಶಾಪಿನ ಬಿಸಿಗಾಳಿ ಒಳಗೆ ನುಗ್ಗುತ್ತದೆ. ಅದರ ಜೊತೆ ಕೂಲಂಟ್ ಎಣ್ಣೆಯ ಹುಳಿವಾಸನೆ, ಸುಟ್ಟ ಕಬ್ಬಿಣದ ವಾಸನೆ, ಯಾರೋ ಬಾಯಲ್ಲಿಟ್ಟುಕೊಂಡ ತಂಬಾಕಿನ ಘಾಟು. ಡಿಸ್‌ಪ್ಯಾಚ್ ನೋಡಿಕೊಳ್ಳುವ ಕಾಕಾ ಹೊಸ್ತಿಲಲ್ಲಿ ನಿಂತಿದ್ದಾರೆ. ಔರಾದದ ಕಡೆಯವರು, ನಿಮ್ಮ ಭಾಲ್ಕಿಗೆ ನೆರೆಯವರು. ಇಡೀ ಕಾರ್ಖಾನೆಯಲ್ಲಿ ನಿಮ್ಮ ಜೊತೆ ಕನ್ನಡ ಮಾತಾಡುವವರು ಅವರೊಬ್ಬರೇ.

‘ತಮ್ಮಾ, ಮತ್ತ ಹೋಯ್ತೇನು?’

‘ಹೋಯ್ತು ಕಾಕಾ.’

‘ಗಾಡಿ ನಿಂತದ. ಡ್ರೈವರ್ ಒದರ್ಲತ್ತಾನ. ಲೇಬಲ್ ಅರ್ಧಾನೂ ಬಂದಿಲ್ಲ.’

ನೀವು ಬಾಗಿ ಪವರ್ ಗುಂಡಿಯ ಮೇಲೆ ಹೆಬ್ಬೆರಳು ಒತ್ತುತ್ತೀರಿ. ಫ್ಯಾನ್‌ಗಳು ಒಮ್ಮೆಲೇ ಕೂಗಿಕೊಂಡು ಏಳುತ್ತವೆ. ಇನ್ನೊಂದು ಗಂಟೆ ಸಿಕ್ಕಿತು.

ಇದು ಮಾರ್ಚ್ ಕೊನೆಯ ವಾರ. ಮರಾಠವಾಡದ ಬಿಸಿಲು ಕಾಂಕ್ರೀಟಿಗೆ ಇಳಿದು, ಕತ್ತಲಾದ ಮೇಲೂ ನೆಲದಿಂದ ಮೇಲೇಳುತ್ತಿದೆ. ನೀವು ನಿಂತಿರುವ ಜಾಗ ಶೇಂದ್ರಾ. ನಗರದಿಂದ ಜಾಲ್ನಾ ಕಡೆ ಹೊರಟರೆ, ಚಿಕಲ್‌ಠಾಣಾ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುವ ಎಂಐಡಿಸಿ ಕೈಗಾರಿಕಾ ಪ್ರದೇಶ. 2023ರಲ್ಲಿ ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾಯಿತು. ಗೇಟಿನ ಚಹಾದವನ ಬಾಯಲ್ಲಿ ಎರಡೂ ಹೆಸರು ಇನ್ನೂ ಓಡಾಡುತ್ತವೆ. 1985ರಲ್ಲಿ ಬಜಾಜ್ ಆಟೋ ನಗರದ ಇನ್ನೊಂದು ತುದಿಯ ವಾಳೂಜ್‌ನಲ್ಲಿ ಕಾರ್ಖಾನೆ ತೆರೆದಾಗಿನಿಂದ ಇದು ಬಿಡಿಭಾಗಗಳ ಊರು. 2001ರಲ್ಲಿ ಶೇಂದ್ರಾಕ್ಕೆ ಸ್ಕೋಡಾ ಬಂತು. ಆಮೇಲೆ ದಿಲ್ಲಿ-ಮುಂಬೈ ಕೈಗಾರಿಕಾ ಕಾರಿಡಾರಿನ ಹೆಸರಲ್ಲಿ ಆರಿಕ್ ಎಂಬ ಕೈಗಾರಿಕಾ ನಗರ ಎದ್ದಿತು, ಅಗಲವಾದ ರಸ್ತೆಗಳು, 2019ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಗಾಜಿನ ಆರಿಕ್ ಹಾಲ್. ನಿಮ್ಮದು ಅವೆಲ್ಲದರ ನೆರಳಿನಲ್ಲಿ ಬದುಕುವ ಸಣ್ಣ ಕಾರ್ಖಾನೆ. ಶಾಫ್ಟ್ ತಿರುವಿ, ಬಾರ್‌ಕೋಡ್ ಅಂಟಿಸಿ, ಟ್ರಕ್ಕಿಗೇರಿಸುತ್ತದೆ. ಲೇಬಲ್ ಇಲ್ಲದ ಪೆಟ್ಟಿಗೆಯನ್ನು ಕೊಳ್ಳುವವರ ಗೇಟಿನಲ್ಲಿ ಇಳಿಸಿಕೊಳ್ಳುವುದಿಲ್ಲ.

ಲೇಬಲ್, ಗೇಟ್‌ಪಾಸ್, ಚಲನ್, ಸ್ಟಾಕಿನ ಲೆಕ್ಕ ಎಲ್ಲವೂ ಈ ಒಂದು ಡಬ್ಬಿಯಲ್ಲಿವೆ. ಡಬ್ಬಿಯೊಳಗಿರುವುದು ವಿಂಡೋಸ್ ಸರ್ವರ್ 2019, ಪರೀಕ್ಷಾರ್ಥ ಆವೃತ್ತಿ. ಮೈಕ್ರೋಸಾಫ್ಟ್ ಅದನ್ನು 180 ದಿನ ಪುಕ್ಕಟೆ ಬಳಸಲು ಕೊಡುತ್ತದೆ. ಗಡುವು ಮುಗಿದ ಮೇಲೆ ಯಂತ್ರ ಸಾಯುವುದಿಲ್ಲ, ಗಂಟೆಗೊಮ್ಮೆ ತಾನೇ ಆರುತ್ತದೆ. ಎಬ್ಬಿಸಿದರೆ ಏಳುತ್ತದೆ. ಮತ್ತೆ ಆರುತ್ತದೆ. ಮೊದಲ ಸಲ ಇದನ್ನು ಕಂಡವರೆಲ್ಲ ವೈರಿಂಗ್ ನೋಡುತ್ತಾರೆ, ಪವರ್ ಸಪ್ಲೈ ಬದಲಿಸುತ್ತಾರೆ, ರ‍್ಯಾಮ್ ತೆಗೆದು ಉಜ್ಜುತ್ತಾರೆ. ನೀವೂ ಬೆಳಿಗ್ಗೆ ಅದನ್ನೇ ಮಾಡಿದಿರಿ. ಇವೆಂಟ್ ಲಾಗ್ ತೆರೆದಾಗ ಅದರಲ್ಲಿ ಡಬ್ಲ್ಯುಎಲ್‌ಎಂಎಸ್ ಎಂಬ ಹೆಸರು ಸಿಕ್ಕಿತು. ಪರವಾನಗಿ ಕಾಯುವ ಒಂದು ಸಣ್ಣ ಪ್ರೋಗ್ರಾಂ ಅದು. ಅವಧಿ ಮುಗಿದಿದೆ, ಯಂತ್ರ ಬಂದ್ ಮಾಡುತ್ತಿದ್ದೇನೆ ಎಂದು ಪ್ರತಿ ಗಂಟೆ ಚೊಕ್ಕವಾಗಿ ಬರೆದಿಟ್ಟೇ ಹೋಗಿದೆ.

ಪರದೆ ಬೆಳಗುತ್ತದೆ. ಬಲಗಡೆ ಕೆಳಮೂಲೆಯಲ್ಲಿ ಬಿಳಿಯ ಸಣ್ಣ ಅಕ್ಷರಗಳು, ಪರವಾನಗಿ ಮುಗಿದಿದೆ ಎನ್ನುವವು. ತಿಂಗಳುಗಟ್ಟಲೆ ಅದೇ ಮೂಲೆಯಲ್ಲಿ ಉಳಿದ ದಿನಗಳ ಎಣಿಕೆ ಇಳಿಯುತ್ತಿತ್ತು. ಸರ್ವರ್ ಕೋಣೆಯ ಪರದೆಯನ್ನು ಯಾರು ನೋಡುತ್ತಾರೆ?

ಸುಲಭದ ಬಾಗಿಲು ಮೊದಲು. ಕಪ್ಪು ಕಿಟಕಿಯಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ವಿವರ ಕೇಳುತ್ತೀರಿ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೂದುಬಣ್ಣದ ಚೌಕವೊಂದು ಹಾರಿ ಬರುತ್ತದೆ. ಕಣ್ಣು ಸಾಲುಗಳ ಮೇಲೆ ಜಾರುತ್ತ ಕೆಳಗಿಳಿಯುತ್ತದೆ. ರೀಆರ್ಮ್ ಎಂಬುದೊಂದಿದೆ, ಮುಗಿದ ಗಡುವನ್ನು ಮತ್ತೆ 180 ದಿನಕ್ಕೆ ತಿರುಗಿಸುವ ಆಜ್ಞೆ. ಅದು ಕೆಲವೇ ಸಲ ಸಿಗುತ್ತದೆ. ಉಳಿದಿರುವುದು ಎಷ್ಟು ಎಂಬ ಸಾಲಿನ ಎದುರು ಸೊನ್ನೆ.

ಹೊಟ್ಟೆಯಲ್ಲಿ ಏನೋ ಕಲ್ಲಿನಂತೆ ಕೂರುತ್ತದೆ. ನಿಮಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಹುಡುಗ ಒಂದೊಂದು ಸಲ ತಿರುಗಿಸಿದಾಗಲೂ ‘ಮುಂದಿನ ಸಲ ಖರೀದಿಸೋಣ’ ಎಂದೇ ಅಂದುಕೊಂಡಿರಬೇಕು. ಮುಂದಿನ ಸಲ ಈಗ ನಿಮ್ಮ ಪಾಲಿಗೆ ಬಂದಿದೆ. ಅವನು ಪುಣೆಯಲ್ಲಿದ್ದಾನೆ.

ಎರಡನೆಯ ಬಾಗಿಲು ನಿಮ್ಮ ಮೊಬೈಲಿನಲ್ಲೇ ಇದೆ. ಸಾಮಾನು ಸಪ್ಲೈ ಮಾಡುವ ಪರಿಚಯದವರೊಬ್ಬರು ಪರವಾನಗಿ ತಪಾಸಣೆಯನ್ನು ತಪ್ಪಿಸುವ ಒಂದು ಫೈಲು ಕಳಿಸಿದ್ದಾರೆ. ಆಂಟಿವೈರಸ್ ಆಫ್ ಮಾಡಿ, ಎರಡು ಸಲ ಕ್ಲಿಕ್ ಮಾಡಿ, ಎರಡೇ ನಿಮಿಷ, ಎಲ್ಲರೂ ಮಾಡುತ್ತಾರೆ ಎಂಬ ಸಂದೇಶವೂ ಇದೆ. ಹೆಬ್ಬೆರಳು ಅದರ ಮೇಲೆ ನಿಲ್ಲುತ್ತದೆ. ಹೊರಗೆ ಟ್ರಕ್ಕಿನ ಹಾರ್ನ್ ಎರಡು ಸಲ ಕೂಗುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ತಿಳಿದೂ ಕದ್ದ ಸಾಫ್ಟ್‌ವೇರ್ ಬಳಸಿದವನಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಎನ್ನುತ್ತದೆ. ನಿಜ ಹೇಳಬೇಕೆಂದರೆ ಈ ಹೊತ್ತಿನಲ್ಲಿ ನಿಮ್ಮನ್ನು ತಡೆಯುವುದು ಕಾಯ್ದೆಯಲ್ಲ. ಆಂಟಿವೈರಸ್ ಆಫ್ ಮಾಡಿ ಎಂಬ ಆ ಒಂದು ಮಾತು. ಮಾರ್ಚ್ ಅಂತ್ಯದಲ್ಲಿ, ಇಡೀ ವರ್ಷದ ಲೆಕ್ಕ ಕೂತಿರುವ ಯಂತ್ರದಲ್ಲಿ, ಯಾರೋ ಬರೆದದ್ದನ್ನು ಬಾಗಿಲು ತೆರೆದು ಒಳಗೆ ಬಿಡುವುದು. ಮೊಬೈಲನ್ನು ಕವುಚಿ ಮೇಜಿನ ಮೇಲಿಡುತ್ತೀರಿ.

ಉಳಿದದ್ದು ಉದ್ದದ ದಾರಿ, ಪರೀಕ್ಷಾರ್ಥ ಆವೃತ್ತಿಯನ್ನು ಖರೀದಿಸಿದ ಆವೃತ್ತಿಗೆ ಬದಲಿಸುವುದು. ಜೇಬಿನಲ್ಲಿ ಮಡಚಿದ ಕಾಗದವಿದೆ, ಸಂಜೆ ಆರಕ್ಕೆ ಪರ್ಚೇಸ್ ವಿಭಾಗದಿಂದ ಬಂದದ್ದು. ಸ್ಟ್ಯಾಂಡರ್ಡ್ ಆವೃತ್ತಿಯ ಕೀ. ಇದಕ್ಕಾಗಿ ಮಾಲೀಕರ ಜೊತೆ ಮಧ್ಯಾಹ್ನ ಒಂದು ಗಂಟೆ ಕೂರಬೇಕಾಯಿತು. ನಮ್ಮ ಯಂತ್ರದ ಪ್ರೊಸೆಸರಿನಲ್ಲಿ ಎಂಟೇ ಕೋರ್ ಇರುವಾಗ ಹದಿನಾರಕ್ಕೆ ಯಾಕೆ ದುಡ್ಡು ಎಂಬುದು ಅವರ ಪ್ರಶ್ನೆ. ಕನಿಷ್ಠ ಖರೀದಿಯೇ ಹದಿನಾರು ಕೋರ್, ನಿಯಮ ಹಾಗಿದೆ ಎಂದಿರಿ. ಅವರು ಕನ್ನಡಕ ತೆಗೆದು ಒರೆಸಿ ಸಹಿ ಹಾಕಿದರು. ಆ ಒರೆಸುವಿಕೆಯ ಅರ್ಥ ನಿಮಗೆ ಗೊತ್ತು: ಇನ್ನು ಇದು ನಡೆಯದಿದ್ದರೆ ಹೊಣೆ ನಿಮ್ಮದು.

ಒಂಬತ್ತು ಹದಿನೆಂಟು. ಈಗಲೇ ಶುರು ಮಾಡಬಹುದು. ಕೈ ತುರಿಸುತ್ತಿದೆ. ಆದರೆ ಬ್ಯಾಕಪ್ ಇಲ್ಲದೆ? ಡೇಟಾಬೇಸ್ ಕೂತಿರುವುದು ಎಸ್‌ಕ್ಯುಎಲ್ ಎಕ್ಸ್‌ಪ್ರೆಸ್‌ನಲ್ಲಿ. ಅದು ಪುಕ್ಕಟೆಯದ್ದೇ, ಈ ಯಂತ್ರದಲ್ಲಿರುವ ಆವೃತ್ತಿ ಹತ್ತು ಜಿಬಿಗಿಂತ ಬೆಳೆಯಗೊಡುವುದಿಲ್ಲ, ಆದರೆ ಅದಕ್ಕೆ ಗಡುವೂ ಇಲ್ಲ. ಇವತ್ತಿನ ಮಟ್ಟಿಗೆ ಅದೊಂದು ಉಪಕಾರ. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿ ನಕಲು ಶುರು ಮಾಡುತ್ತೀರಿ. ಹಸಿರು ಪಟ್ಟಿ ತೆವಳುತ್ತದೆ. ಅತ್ತ ಡಿಸ್‌ಪ್ಯಾಚ್ ಕಟ್ಟೆಯಲ್ಲಿ ಪ್ರಿಂಟರ್ ಮತ್ತೆ ಕರಕರ ಎನ್ನತೊಡಗಿದೆ. ಕಾಕಾ ಹುಡುಗರನ್ನು ಗದರುವುದು ಇಲ್ಲಿಯವರೆಗೆ ಕೇಳುತ್ತದೆ.

ನಕಲು ಮುಗಿಯುವಾಗ ಒಂಬತ್ತು ನಲವತ್ತು. ಮುಂದಿನ ಸಲ ಆರಲು ಅರ್ಧ ಗಂಟೆ. ಇಲ್ಲಿ ನಿಮ್ಮ ಇಡೀ ರಾತ್ರಿಯ ತೂಕ ಒಂದು ಲೆಕ್ಕದ ಮೇಲೆ ಕೂರುತ್ತದೆ. ಆವೃತ್ತಿ ಬದಲಿಸುವ ಕೆಲಸ ಹತ್ತು ನಿಮಿಷದಲ್ಲೂ ಮುಗಿಯಬಹುದು, ಐವತ್ತು ನಿಮಿಷವೂ ಹಿಡಿಯಬಹುದು. ಅದು ನಡುವಿನಲ್ಲಿರುವಾಗ ಆ ಕಾವಲು ಪ್ರೋಗ್ರಾಂ ಗಂಟೆಯಾಯಿತೆಂದು ಯಂತ್ರವನ್ನು ಆರಿಸಿದರೆ? ಅರ್ಧ ಹಳೆಯದು ಅರ್ಧ ಹೊಸದಾದ ಯಂತ್ರ ಎದ್ದು ನಿಲ್ಲುತ್ತದೋ ಇಲ್ಲವೋ. ಕಾಯುತ್ತೀರಿ. ಈ ಅರ್ಧ ಗಂಟೆಯನ್ನು ಲೇಬಲ್‌ಗಳಿಗೆ ಬಿಟ್ಟುಕೊಟ್ಟು, ಯಂತ್ರ ಆರಿ, ಎದ್ದು, ಪೂರ್ತಿ ಒಂದು ಗಂಟೆ ಕೈಗೆ ಬಂದ ಮೇಲೆ ಶುರು. ಕೈಕಟ್ಟಿ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ಕಂಪ್ಯೂಟರ್ ತರಗತಿಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಆದರೂ ತಪಾಸಣೆಗಳನ್ನು ಮುಗಿಸಿಕೊಳ್ಳಬಹುದು. ಮೊದಲನೆಯದು: ಈ ಯಂತ್ರ ಎಲ್ಲರ ಲಾಗಿನ್ ಕಾಯುವ ಡೊಮೈನ್ ಕಂಟ್ರೋಲರ್ ಆಗಿದೆಯೇ? ಆಗಿದ್ದರೆ ಕಥೆ ಇಲ್ಲಿಗೇ ನಿಂತಿತು. ಆ ಹೊಣೆ ಹೊತ್ತ ಪರೀಕ್ಷಾರ್ಥ ಸರ್ವರನ್ನು ನೇರವಾಗಿ ಬದಲಿಸಲು ಬರುವುದಿಲ್ಲ. ಇನ್ನೊಂದು ಸರ್ವರ್ ತಂದು, ಹೊಣೆಯನ್ನೆಲ್ಲ ಅದಕ್ಕೆ ದಾಟಿಸಿ, ಇದನ್ನು ಕೆಳಗಿಳಿಸಬೇಕು. ಸರ್ವರ್ ಮ್ಯಾನೇಜರ್ ತೆರೆಯುತ್ತೀರಿ. ಪಟ್ಟಿ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ಕಡತ ಸೇವೆ ಇದೆ. ಪ್ರಿಂಟ್ ಸೇವೆ ಇದೆ. ಡೊಮೈನ್ ಕಂಟ್ರೋಲರ್ ಇಲ್ಲ.

ಎರಡನೆಯದು: ಹಾಕಿರುವುದು ಸ್ಟ್ಯಾಂಡರ್ಡೋ ಡೇಟಾಸೆಂಟರೋ? ಪರೀಕ್ಷಾರ್ಥ ಸ್ಟ್ಯಾಂಡರ್ಡ್‌ನಿಂದ ಡೇಟಾಸೆಂಟರ್‌ಗೆ ಹತ್ತಬಹುದು, ಡೇಟಾಸೆಂಟರ್‌ನಿಂದ ಸ್ಟ್ಯಾಂಡರ್ಡ್‌ಗೆ ಇಳಿಯಲು ಬರುವುದಿಲ್ಲ. ಪುಕ್ಕಟೆ ಸಿಗುವಾಗ ದೊಡ್ಡದೇ ಇರಲಿ ಎಂದು ಡೇಟಾಸೆಂಟರ್ ಹಾಕಿಟ್ಟವರು ಬಹಳ. ಆ ಹುಡುಗನೂ ಹಾಗೆ ಮಾಡಿದ್ದರೆ ಜೇಬಿನ ಕಾಗದ ರದ್ದಿ. ಡಿಸ್ಮ್ ಆಜ್ಞೆ ಕೊಟ್ಟು ಈಗಿನ ಆವೃತ್ತಿ ಯಾವುದೆಂದು ಕೇಳುತ್ತೀರಿ. ಬಿಳಿ ಗೆರೆ ಮಿಣುಕುತ್ತದೆ. ಎದೆ ಬಡಿತ ಕಿವಿಯಲ್ಲಿ.

ಸರ್ವರ್ ಸ್ಟ್ಯಾಂಡರ್ಡ್ ಇವ್ಯಾಲ್.

ಪುಣೆಯಲ್ಲಿರುವ ಆ ಹುಡುಗನನ್ನು ಮೊದಲ ಬಾರಿ ಮನಸ್ಸಿನಲ್ಲೇ ಹರಸುತ್ತೀರಿ.

ಹತ್ತಕ್ಕೆ ಮೊದಲ ಟ್ರಕ್ ಗೇಟು ದಾಟುತ್ತದೆ. ಹತ್ತೂ ಹದಿನಾಲ್ಕಕ್ಕೆ ಯಂತ್ರ ಆರುತ್ತದೆ. ಈ ಸಲ ನೀವು ಗುಂಡಿಯ ಮುಂದೆಯೇ ಕೂತಿದ್ದೀರಿ. ಮೇಲೇಳುವಷ್ಟರಲ್ಲಿ ಹತ್ತೂ ಇಪ್ಪತ್ತು. ಈಗ ನಿಜವಾದ ಆಜ್ಞೆ.

ಕಾಗದ ಬಿಡಿಸುತ್ತೀರಿ. ಇಪ್ಪತ್ತೈದು ಅಕ್ಷರ, ಐದೈದರ ಐದು ಗುಂಪು. ಬೆವರಿಗೆ ಮಡಿಕೆಯ ಶಾಯಿ ಸ್ವಲ್ಪ ಹರಡಿದೆ. ಈ ಕೀಗಳನ್ನು ಕಟ್ಟಿದವರು ಕಣ್ಣಿಗೆ ಗೊಂದಲವಾಗುವ ಅಕ್ಷರಗಳನ್ನು ಬಹಳಷ್ಟು ತೆಗೆದುಹಾಕಿದ್ದಾರೆ. ಸೊನ್ನೆಯೂ ಇಲ್ಲ, ‘ಓ’ ಕೂಡ ಇಲ್ಲ. ಒಂದೂ ಇಲ್ಲ, ‘ಐ’ ಕೂಡ ಇಲ್ಲ. ಆದರೆ ‘ಬಿ’ ಮತ್ತು ಎಂಟನ್ನು ಎರಡನ್ನೂ ಉಳಿಸಿದ್ದಾರೆ, ‘ಜಿ’ ಮತ್ತು ಆರನ್ನೂ. ನಿಮ್ಮ ಮೂರನೆಯ ಗುಂಪಿನ ನಡುವಿನದು ಯಾವುದು? ಕಾಗದವನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿಯುತ್ತೀರಿ. ಬಿ. ಇರಬೇಕು. ಟೈಪ್ ಮಾಡಿ, ಬಾಯಿಬಿಟ್ಟು ಒಂದು ಸಲ ಓದುತ್ತೀರಿ, ಹಿಂದಿನಿಂದ ಇನ್ನೊಂದು ಸಲ. ಎಂಟರ್ ಒತ್ತುವ ಬೆರಳು ತನ್ನ ಪಾಡಿಗೆ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ.

ಒತ್ತಿದಿರಿ.

ಘಟಕಗಳನ್ನು ನವೀಕರಿಸುತ್ತಿದೆ ಎಂಬ ಸಾಲು. ಕೀ ಸ್ಥಾಪನೆ ಶುರು ಎಂಬ ಸಾಲು. ಕೀ ಸ್ಥಾಪನೆ ಮುಗಿಯಿತು. ‘ಬಿ’ಯೇ! ಸಮ ಚಿಹ್ನೆಗಳ ಗೆರೆ ಎಡದಿಂದ ಬಲಕ್ಕೆ ಹೊರಡುತ್ತದೆ. ಐದು. ಹತ್ತು.

ಹತ್ತು.

ಹತ್ತೂ ಇಪ್ಪತ್ತೊಂಬತ್ತು, ಹತ್ತು ಶೇಕಡಾ. ಚಹಾ ಬರುತ್ತದೆ, ಶುಂಠಿ ಜಜ್ಜಿ ಕುದಿಸಿದ್ದು, ಕಾಗದದ ಲೋಟದಲ್ಲಿ. ನಾಲಿಗೆ ಸುಡುತ್ತದೆ. ಹತ್ತೂ ನಲವತ್ತು, ಹತ್ತು ಶೇಕಡಾ. ಮುಚ್ಚಿದ ಬಾಗಿಲಿನ ಆಚೆ ಲೇತ್‌ಗಳು ಒಂದೇ ಶ್ರುತಿಯಲ್ಲಿ ಉಲಿಯುತ್ತಿವೆ. ಡಿಸ್ಕಿನ ದೀಪ ಆಗೊಮ್ಮೆ ಈಗೊಮ್ಮೆ ಕಣ್ಣು ಹೊಡೆಯುತ್ತದೆ. ಅದು ಕೆಲಸ ಮಾಡುತ್ತಿದೆಯೋ, ಸುಮ್ಮನೆ ಮಿಣುಕುತ್ತಿದೆಯೋ? ಹತ್ತೂ ಐವತ್ತು. ಹತ್ತು ಶೇಕಡಾ. ಅಂಗಿಯ ಬೆನ್ನು ಎಸಿಯ ಗಾಳಿಗೆ ತಣ್ಣಗೆ ಅಂಟಿಕೊಂಡಿದೆ.

ಹನ್ನೊಂದೂ ಇಪ್ಪತ್ತರ ಸುಮಾರಿಗೆ ಇದು ಆರುತ್ತದೆ. ಮೂವತ್ತು ನಿಮಿಷ.

ಈ ಹತ್ತು ಶೇಕಡಾ ಹೆಸರಾಂತ ಜಾಗ. ಈ ಕೆಲಸ ಮಾಡಿದವರಲ್ಲಿ ಅನೇಕರು ಇಲ್ಲೇ ಕೂತು ಬೆವರಿದ್ದಾರೆ. ಕೆಲವರಿಗೆ ಅರ್ಧ ಗಂಟೆ ಕಾದ ಮೇಲೆ ತಾನೇ ಜಿಗಿದು ನೂರಕ್ಕೆ ಹೋಗಿದೆ. ಕೆಲವರಿಗೆ ರಾತ್ರಿಯಿಡೀ ಕಾದರೂ ಕದಲಿಲ್ಲ. ಇನ್ನು ಕೆಲವರು ಒಂದು ಉಪಾಯ ಹೇಳುತ್ತಾರೆ: ಸಾಫ್ಟ್‌ವೇರ್ ಪ್ರೊಟೆಕ್ಷನ್ ಎಂಬ ಸೇವೆಯನ್ನು ನಿಲ್ಲಿಸಿ, ಗೆರೆ ಮುಂದಕ್ಕೆ ಹೋಗುತ್ತದೆ. ಪರವಾನಗಿಯನ್ನು ಪರಿಶೀಲಿಸುವ ಸೇವೆ ಅದೇ. ಪರವಾನಗಿ ಕೂರಿಸುತ್ತಿರುವ ಹೊತ್ತಿನಲ್ಲಿ ಅದರ ಪರಿಶೀಲಕನನ್ನೇ ಎಬ್ಬಿಸಿ ಹೊರಗೆ ಕಳಿಸುವುದು. ಸರಿ ಹೋದರೆ ಜಾಣತನ. ಹೋಗದಿದ್ದರೆ ಕೈಯಾರೆ ಮುರಿದಂತೆ.

ಹನ್ನೊಂದು. ಹತ್ತು ಶೇಕಡಾ. ಕಾಕಾ ಬಾಗಿಲಲ್ಲಿ.

‘ಎರಡನೇ ಗಾಡಿ ಹನ್ನೆರಡಕ್ಕ ಹೋಗಬೇಕು ತಮ್ಮಾ. ಆಗ್ತದೇನು?’

ಏನು ಹೇಳುತ್ತೀರಿ? ‘ಸ್ವಲ್ಪ ತಡೀರಿ ಕಾಕಾ’ ಎನ್ನುತ್ತೀರಿ. ಅವರು ಹೋಗುವುದಿಲ್ಲ. ಒಳಗೆ ಬಂದು, ಖಾಲಿ ರಟ್ಟಿನ ಡಬ್ಬಿಯ ಮೇಲೆ ಕೂತು, ನಿಮ್ಮ ಜೊತೆ ಆ ಗೆರೆಯನ್ನು ನೋಡತೊಡಗುತ್ತಾರೆ. ಇಂಗ್ಲಿಷು ಅಷ್ಟಾಗಿ ಬಾರದ ಅವರಿಗೂ ಹತ್ತು ಎಂಬ ಅಂಕಿ ಓದಲು ಬರುತ್ತದೆ.

ಹನ್ನೊಂದೂ ಮೂರು. ಕಾದರೆ ಆರುವುದು ಖಚಿತ. ಕೈಹಾಕಿದರೆ ಮುರಿಯಬಹುದು, ಮುರಿಯದೆಯೂ ಇರಬಹುದು. ಖಚಿತವಾದ ಕೆಡುಕಿಗಿಂತ ಅನುಮಾನದ್ದೇ ವಾಸಿ. ಹಾರ್ಡ್‌ಡಿಸ್ಕಿನ ಮೇಲೊಮ್ಮೆ ಕೈಯಿಡುತ್ತೀರಿ, ಇನ್ನೂ ಬೆಚ್ಚಗಿದೆ. ಸೇವೆಗಳ ಪಟ್ಟಿ ತೆರೆಯುತ್ತೀರಿ. ಎಸ್ ಅಕ್ಷರದವರೆಗೆ ಇಳಿಯುತ್ತೀರಿ. ಬಲಗುಂಡಿ. ನಿಲ್ಲಿಸು. ಸಣ್ಣ ಕಿಟಕಿ ಬಂತು. ಹೋಯಿತು. ಕಪ್ಪು ಪರದೆಗೆ ಮರಳುತ್ತೀರಿ. ಹತ್ತು. ಹತ್ತು. ಹತ್ತು. ಹದಿನೇಳು. ಮೂವತ್ತೊಂದು. ಕಾಕಾ ಎದ್ದು ನಿಂತರು. ಐವತ್ತೆಂಟು. ಯಾರೂ ಉಸಿರಾಡುತ್ತಿಲ್ಲ. ಎಂಬತ್ತು. ನೂರು.

ಆವೃತ್ತಿಯ ವ್ಯವಸ್ಥೆಗಳನ್ನು ಜೋಡಿಸುತ್ತಿದೆ ಎಂಬ ಸಾಲು. ಹನ್ನೊಂದೂ ಒಂಬತ್ತು. ಜೋಡಿಸಿ ಮುಗಿಯಿತು. ಈಗಲೇ ಮರುಚಾಲನೆ ಮಾಡಲೇ, ವೈ ಅಥವಾ ಎನ್?

ವೈ.

ಪರದೆ ನೀಲಿಯಾಗಿ, ಕಪ್ಪಾಗಿ, ಫ್ಯಾನ್‌ಗಳು ಒಮ್ಮೆ ಚೀರಿ ತಗ್ಗುತ್ತವೆ. ಏನೋ ಶೇಕಡಾವಾರು ಏರುತ್ತದೆ. ಮೇಲೆದ್ದಿತು ಎನ್ನುವಷ್ಟರಲ್ಲಿ ಮತ್ತೆ ಆರುತ್ತದೆ. ಕಾಕಾ ಹೌಹಾರುತ್ತಾರೆ. ಎರಡು ಸಲ ಏಳುವುದು ಇದರ ಪದ್ಧತಿ ಎಂದು ಸಮಾಧಾನ ಹೇಳುತ್ತೀರಿ. ಹೇಳುವಾಗ ನಿಮ್ಮ ಗಂಟಲೂ ಒಣಗಿರುತ್ತದೆ.

ಲಾಗಿನ್ ಆಗುತ್ತೀರಿ. ಕಣ್ಣು ನೇರ ಬಲಮೂಲೆಗೆ. ಅಲ್ಲಿ ಬರೀ ಗೋಡೆಚಿತ್ರ. ಕೊನೆಯ ಆಜ್ಞೆ ಉಳಿದಿದೆ, ಇಂಟರ್ನೆಟ್ ಮೂಲಕ ಸಕ್ರಿಯಗೊಳಿಸುವುದು. ಬೂದು ಚೌಕ ಮತ್ತೆ ಹಾರಿ ಬರುತ್ತದೆ. ಯಶಸ್ವಿ ಎನ್ನುತ್ತದೆ. ಬಾಗಿಲಿನಾಚೆ, ಕಟ್ಟೆಯ ಮೇಲೆ, ಪ್ರಿಂಟರ್ ಕರಕರ ಶುರುವಾಗಿದೆ.

ಎರಡನೆಯ ಗಾಡಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೊರಡುತ್ತದೆ. ನೀವು ಹೊರಡುವುದಿಲ್ಲ. ಯಶಸ್ವಿ ಎಂಬ ಚೌಕವನ್ನು ನಂಬಿ ಮನೆಗೆ ಹೋಗಿ, ದಾರಿಯಲ್ಲಿ ಫೋನ್ ಬಂದರೆ? ಒಂದು ಗಂಟೆ ಪೂರ್ತಿ ದಾಟಬೇಕು. ಹನ್ನೆರಡೂ ಇಪ್ಪತ್ತು. ಇಪ್ಪತ್ತೈದು. ರ‍್ಯಾಕ್‌ಗೆ ಅಂಗೈ ಒತ್ತಿ ನಿಂತಿದ್ದೀರಿ. ಮೂವತ್ತು. ನಡುಕ ಹಾಗೇ ಇದೆ. ಇವೆಂಟ್ ಲಾಗ್ ತೆರೆದು ಕಾವಲುಗಾರನ ಹೆಸರು ಹುಡುಕುತ್ತೀರಿ. ಕೊನೆಯ ಬಾರಿ ಬರೆದದ್ದು ಹತ್ತೂ ಹದಿನಾಲ್ಕಕ್ಕೆ.

ಮೊಬೈಲ್ ಎತ್ತಿ ಮಾಲೀಕರಿಗೆ ಒಂದು ಸಾಲು ಕಳಿಸುತ್ತೀರಿ. ಅವರು ಮಲಗಿಲ್ಲ. ‘ಹಾಗಾದರೆ ಇನ್ನು ಖರ್ಚಿಲ್ಲ ತಾನೇ?’ ಎಂಬ ಅರ್ಥದ ಮರಾಠಿ ಉತ್ತರ ತಕ್ಷಣ ಬರುತ್ತದೆ.

ಇದೆ. ಸರ್ವರಿಗೆ ಪರವಾನಗಿ ಬಂತು, ಅದನ್ನು ಮುಟ್ಟುವವರಿಗೆ ಬೇರೆ ಬೇಕು. ಸಿಎಎಲ್ ಎನ್ನುತ್ತಾರೆ, ಆಳಿಗೊಂದು ಅಥವಾ ಸಾಧನಕ್ಕೊಂದು. ಯಂತ್ರ ಅದನ್ನು ಎಣಿಸಿ ಗಂಟೆಗೊಮ್ಮೆ ಆರುವುದಿಲ್ಲ, ಅದಕ್ಕೇ ಬಹಳ ಕಾರ್ಖಾನೆಗಳಲ್ಲಿ ಇದು ಮರೆತೇ ಹೋಗಿರುತ್ತದೆ. ಮರೆತವರ ಸಾಲಿಗೆ ಸೇರಲು ಇವತ್ತು ಮನಸ್ಸಿಲ್ಲ. ಕಾಗದದ ಹಿಂಬದಿಯಲ್ಲಿ ಎರಡು ಕಾಲಂ ಎಳೆಯುತ್ತೀರಿ.

‘ಕಾಕಾ, ಕಟ್ಟೆ ಮ್ಯಾಲ ಸ್ಕ್ಯಾನರ್ ಎಷ್ಟು?’

‘ಐದು. ಒಂದು ಕೆಟ್ಟದ.’

‘ಅದನ್ನ ಹಿಡ್ಯೋರು?’

ಕಾಕಾ ಬೆರಳು ಮಡಚಿ ಎಣಿಸುತ್ತಾರೆ. ಮೊದಲ ಪಾಳಿ, ಎರಡನೆಯದು, ರಾತ್ರಿಯದು, ಗುತ್ತಿಗೆಯವರು, ಬದಲಿ ಹುಡುಗರು. ಬೆರಳು ಸಾಲುವುದಿಲ್ಲ. ಆಳುಗಳ ಕಾಲಂ ಮೇಲೆ ಅಡ್ಡಗೆರೆ ಎಳೆದು, ಸಾಧನಗಳ ಕಾಲಂನಲ್ಲಿ ಸ್ಕ್ಯಾನರ್‌ಗಳನ್ನೂ ಆಫೀಸಿನ ಕಂಪ್ಯೂಟರ್‌ಗಳನ್ನೂ ಬರೆಯುತ್ತ ಹೋಗುತ್ತೀರಿ. ಕೆಟ್ಟಿದ್ದನ್ನೂ ಸೇರಿಸಿ, ಬೆಳಿಗ್ಗೆ ಅದು ರಿಪೇರಿಯಾಗಿ ಬರುತ್ತದೆ ಎನ್ನುತ್ತಾರೆ ಕಾಕಾ.